ನೆಲ್ಲಿಕೋಟೆ ಸ್ಟೇಷನ್ ಮುಚ್ಚಿಸಿದ್ದು ಯಾರು?

ತಮ್ಮ ಧರ್ಮರಾಜು ಇತಿಹಾಸ ಬರೆಯುತ್ತಿದ್ದಾನಂತೆ ಎಂದು ಕೇಳಿದಾಗ ಮುನಿರತ್ನಮ್ಮ ಹೊಟ್ಟೆ ತುಂಬ ನಕ್ಕಿದ್ದಳು. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಮೇಷ್ಟರಾಗಿ, ಪಾಪದ ಮಕ್ಕಳಿಗೆ ಪಾಣಿಪತ್ ಕದನಗಳ ಇಸವಿ ಉರು ಹೊಡೆಸಿ, ರಿಟೈರಾಗಿ ಮನೆಯಲ್ಲಿ ಕೂತ ಗಂಡಸಿಗೆ ಏನಾದರೊಂದು ಗೀಳು ಬೇಕಲ್ಲ. ಕೆಲವರು ಲಾಲ್‌ಬಾಗಿನಲ್ಲಿ ಗುಂಪು ಕಟ್ಟಿಕೊಂಡು ಆಕಾಶ ನೋಡಿ ಹಹ್ಹಹ್ಹಾ ಎಂದು ನಗುತ್ತಾರೆ. ಕೆಲವರು ಸೊಸೆಗೆ ಸಾರು ಮಾಡುವುದು ಹೇಳಿಕೊಡಲು ಹೋಗಿ ಮರ್ಯಾದೆ ಕಳೆದುಕೊಳ್ಳುತ್ತಾರೆ. ಇವನು ಇತಿಹಾಸ ಬರೆದುಕೊಳ್ಳಲಿ, ಯಾರ ಗಂಟೇನು ಹೋಗುತ್ತದೆ ಎಂದುಕೊಂಡಿದ್ದಳು. ಅವನು ಹಿಡಿದಿರುವುದು ನೆಲ್ಲಿಕೋಟೆ ರೈಲ್ವೆ ಸ್ಟೇಷನ್ನಿನ ಇತಿಹಾಸ ಎಂದು ಗೊತ್ತಾದಾಗ ಮಾತ್ರ ಅವಳ ನಗು ನಿಂತಿತು.

ನೆಲ್ಲಿಕೋಟೆ ಅವರ ಹುಟ್ಟೂರು. ಬೆಂಗಳೂರಿನಿಂದ ಸಣ್ಣ ಗೇಜಿನ ರೈಲಿನಲ್ಲಿ ಎರಡು ಗಂಟೆಯ ದಾರಿ. ಓಡಿಕೊಂಡು ಹೋದರೆ ಒಂದೂಮುಕ್ಕಾಲು ಗಂಟೆ ಎಂದು ಊರಿನ ಕಿಡಿಗೇಡಿಗಳು ಹೇಳುತ್ತಿದ್ದರು. ಐವತ್ತನಾಲ್ಕು ವರ್ಷದ ಹಿಂದೆ ಅಲ್ಲಿನ ಸ್ಟೇಷನ್ ಮುಚ್ಚಿತು. ಮುಚ್ಚಿದ ಮೇಲೆ ಸೊಪ್ಪು ತರಕಾರಿಯವರು ಒಬ್ಬೊಬ್ಬರಾಗಿ ಊರು ಬಿಟ್ಟು ಮಾವಳ್ಳಿ, ಶಂಕರಪುರಂ, ಚಾಮರಾಜಪೇಟೆ ಸೇರಿಕೊಂಡರು. ಸೇರಿಕೊಂಡವರು, ಬೆಂಗಳೂರಿಗೆ ಬಂದ ಎಲ್ಲ ಊರಿನವರೂ ಮಾಡುವ ಹಾಗೆ, ಒಂದು ಸಂಘ ಮಾಡಿಕೊಂಡರು. ‘ನೆಲ್ಲಿಕೋಟೆ ನಿವಾಸಿಗಳ ಸಂಘ’ ಎಂದು ಬೋರ್ಡು. ನೆಲ್ಲಿಕೋಟೆಯಲ್ಲಿ ನಿವಾಸ ಮಾಡುವ ಒಂದು ನರಪಿಳ್ಳೆಯೂ ಅದರಲ್ಲಿ ಇರಲಿಲ್ಲ. ವರ್ಷಕ್ಕೊಮ್ಮೆ ಸೇರುವುದು, ಬೋಂಡಾ ತಿನ್ನುವುದು, ಅಧ್ಯಕ್ಷ ಯಾರಾಗಬೇಕೆಂದು ಕಿತ್ತಾಡುವುದು, ಕೊನೆಗೆ ಮರಿಯಣ್ಣನನ್ನೇ ಮತ್ತೆ ಕೂರಿಸುವುದು. ಮರಿಯಣ್ಣನಿಗೆ ಈಗ ಎಂಬತ್ತನಾಲ್ಕು. ಈ ಸಲ ಸಂಘಕ್ಕೆ ಐವತ್ತು ತುಂಬಿದ್ದರಿಂದ ಒಂದು ಪುಸ್ತಕ ತರಬೇಕೆಂದು ತೀರ್ಮಾನವಾಯಿತು. ಓದು ಬರಹ ಬಲ್ಲವನು ಎಂದು ಅದು ಧರ್ಮರಾಜುವಿನ ಕೊರಳಿಗೆ ಬಿತ್ತು. ಅವನಂತೂ ಕೊರಳು ಚಾಚಿಕೊಂಡೇ ಕಾದಿದ್ದ.

ಒಂದು ಮಧ್ಯಾಹ್ನ ಮಾವಳ್ಳಿಯ ಅಕ್ಕನ ಮನೆಗೆ ಕರಡು ಹಿಡಿದುಕೊಂಡು ಬಂದ. ಮುನಿರತ್ನಮ್ಮನಿಗೆ ಬಸ್ಸಿನ ನಂಬರು ಓದಲು ಬರುತ್ತಿತ್ತು, ಸಹಿ ಹಾಕಲು ಬರುತ್ತಿತ್ತು. ಅದಕ್ಕಿಂತ ಹೆಚ್ಚಿನ ಅಕ್ಷರದ ತಂಟೆಗೆ ಅವಳು ಹೋದವಳಲ್ಲ. ಹಾಗಾಗಿ ಮೊಮ್ಮಗಳು ತೇಜಸ್ವಿನಿ ಓದಿ ಹೇಳಲು ಕೂತಳು. ಮುನ್ನುಡಿಯಲ್ಲಿ ಧರ್ಮರಾಜು ತನ್ನ ಬಗ್ಗೆಯೇ ಒಂದೂವರೆ ಪುಟ ಬರೆದುಕೊಂಡಿದ್ದ. ಎಂಟು ವರ್ಷದ ಬಾಲಕನಾಗಿದ್ದಾಗ ತಾನು ಒಬ್ಬನೇ ಪ್ಲಾಟ್‌ಫಾರಂ ಮೇಲೆ ನಿಂತು ರೈಲ್ವೆ ಅಧಿಕಾರಿಯ ಪ್ರಶ್ನೆಗಳಿಗೆ ಧೈರ್ಯವಾಗಿ ಉತ್ತರ ಕೊಟ್ಟದ್ದು, ಅಧಿಕಾರಿ ಮೆಚ್ಚಿ ತಲೆ ಸವರಿ ಪೆಪ್ಪರ್‌ಮೆಂಟು ಕೊಟ್ಟದ್ದು. ಈ ಪೆಪ್ಪರ್‌ಮೆಂಟಿನ ಕಥೆಯನ್ನು ಅವನು ತನ್ನ ಮದುವೆಯಲ್ಲಿ, ಮಕ್ಕಳ ಮದುವೆಯಲ್ಲಿ, ಒಂದೆರಡು ತಿಥಿಯಲ್ಲೂ ಹೇಳಿದ್ದ. ಕೇಳಿ ಕೇಳಿ ಎಲ್ಲರ ಬಾಯಲ್ಲೂ ಆ ಪೆಪ್ಪರ್‌ಮೆಂಟು ಕರಗಿಹೋಗಿತ್ತು.

ನಾಲ್ಕನೆಯ ಅಧ್ಯಾಯಕ್ಕೆ ಬಂದಾಗ ತೇಜಸ್ವಿನಿ ಗಂಟಲು ಸರಿಮಾಡಿಕೊಂಡಳು. “‘ಒಬ್ಬ ದ್ರೋಹಿಯ ಕಥೆ. ಅಂದಿನ ಸ್ಟೇಷನ್ ಮಾಸ್ಟರ್ ನರಸಿಂಹಯ್ಯ ಎಂಬಾತನು ಪರಸ್ಥಳದವನಾಗಿದ್ದು, ನಮ್ಮೂರಿನ ಸೊಳ್ಳೆಗಳನ್ನೂ ಸರಳ ಜೀವನವನ್ನೂ ಸಹಿಸಲಾರದೆ, ಬೆಂಗಳೂರಿಗೆ ವರ್ಗ ಮಾಡಿಸಿಕೊಳ್ಳುವ ದುರಾಸೆಯಿಂದ, ಇಲ್ಲಿ ಪ್ರಯಾಣಿಕರೇ ಇಲ್ಲವೆಂದು ಸುಳ್ಳು ವರದಿ ಕಳಿಸಿ ಇಡೀ ಊರಿನ ಹೊಟ್ಟೆಯ ಮೇಲೆ ಹೊಡೆದನು.’ ಚಿಕ್ಕತಾತ, ಸೂಪರ್. ಸೀರಿಯಲ್ ತರಾನೇ ಇದೆ.”

ಮುನಿರತ್ನಮ್ಮ ಮರುದಿನ ಗಾಂಧಿಬಜಾರಿನಲ್ಲಿ ಮಾರುವ ಸಬ್ಬಸಿಗೆ ಸೊಪ್ಪನ್ನು ಬಾಳೆನಾರಿನಲ್ಲಿ ಕಂತೆ ಕಟ್ಟುತ್ತಿದ್ದಳು. ಕೈ ನಿಂತಿತು.

“ಧರ್ಮ, ಆ ಭಾಗ ತೆಗೆದ್ಬಿಡು.”

“ಯಾಕಕ್ಕ? ಪುಸ್ತಕದ ಜೀವಾನೇ ಅದು.”

“ಸತ್ತಿರೋ ಮನುಷ್ಯನ್ನ ಯಾಕೋ ಬೈತೀಯ?”

“ಇತಿಹಾಸ ಅಂದ್ಮೇಲೆ ಸತ್ತೋರನ್ನೇ ಬೈಬೇಕು. ಬದುಕಿರೋರನ್ನ ಬೈದ್ರೆ ಕೇಸ್ ಹಾಕ್ತಾರೆ.”

“ಅವರು ಹಂಗೆ ಬರ್ದಿದ್ದು ನೀನು ನೋಡಿದ್ಯಾ?”

“ನಾನ್ಯಾಕೆ ನೋಡ್ಬೇಕು? ಇಡೀ ಊರೇ ಹೇಳುತ್ತೆ. ಅದಿರ್ಲಿ, ಬಿಡುಗಡೆ ದಿನ ನಿನಗೇ ಸನ್ಮಾನ. ಸಣ್ಣ ರೈಲಿನ ಹಿರಿಯ ಪ್ರಯಾಣಿಕೆ ಅಂತ. ಶಾಲು, ಹಾರ, ಹಣ್ಣಿನ ಬುಟ್ಟಿ.”

“ನಾನು ಜನ್ಮದಲ್ಲಿ ಒಂದು ಟಿಕೆಟ್ ತಗೊಂಡಿಲ್ವಲ್ಲೋ.”

“ಅದನ್ನೆಲ್ಲ ಬರ್ದಿಲ್ಲ ಬಿಡು,” ಎಂದು ಧರ್ಮರಾಜು ಕರಡು ಮಡಚಿಕೊಂಡು ಹೋದ.

ಊರೇ ಹೇಳುತ್ತಿದ್ದುದು ನಿಜ. ಪ್ರತಿ ವರ್ಷ ಸಂಘದಲ್ಲಿ ಯಾರಾದರೂ ಒಬ್ಬರು ನರಸಿಂಹಯ್ಯನ ಹೆಸರೆತ್ತಿ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದರು. ಪ್ರತಿ ವರ್ಷವೂ ಮುನಿರತ್ನಮ್ಮ ತನ್ನ ತಟ್ಟೆಯಲ್ಲಿದ್ದ ಬೋಂಡಾವನ್ನು ಅಂಥ ಬೋಂಡಾ ಕಂಡೇ ಇಲ್ಲವೆಂಬಂತೆ ನೋಡುತ್ತ ಕೂರುತ್ತಿದ್ದಳು. ಸ್ಟೇಷನ್ ಹೇಗೆ ಮುಚ್ಚಿತು ಎನ್ನುವುದು ಅವಳಿಗೆ ಗೊತ್ತಿತ್ತು. ಐವತ್ತನಾಲ್ಕು ವರ್ಷದಿಂದ ಬಾಯಿ ಬಿಟ್ಟಿರಲಿಲ್ಲ.

ನಡೆದದ್ದು ಇಷ್ಟು. ನೆಲ್ಲಿಕೋಟೆಯ ತೋಟಗಳೆಲ್ಲ ಊರಿನ ಒಂದು ಕಡೆ, ಸ್ಟೇಷನ್ನು ಇನ್ನೊಂದು ಕಡೆ. ತಲೆಯ ಮೇಲೆ ಮಂಕರಿ ತುಂಬ ಸೊಪ್ಪು ಹೊತ್ತುಕೊಂಡು ಅಷ್ಟು ದೂರ ಹೋಗುವವರು ಯಾರು? ತೋಟದ ಪಕ್ಕದ ಹುಣಸೇ ತೋಪಿನ ಹತ್ತಿರ ಹಳಿ ಹಾದುಹೋಗುತ್ತಿತ್ತು. ಡ್ರೈವರ್ ವರದರಾಜ ಒಳ್ಳೆಯವನು. ತೋಪು ಬಂದ ಕೂಡಲೇ ರೈಲನ್ನು ನಿಧಾನ ಮಾಡುತ್ತಿದ್ದ, ಹೆಂಗಸರು ಜಾಸ್ತಿ ಇದ್ದರೆ ನಿಲ್ಲಿಸಿಯೇ ಬಿಡುತ್ತಿದ್ದ. ಅವನ ಇಂಜಿನ್ನಿಗೆ ಒಂದು ಕಟ್ಟು ಮೆಂತ್ಯ, ನಾಲ್ಕು ಮೂಲಂಗಿ ಏರುತ್ತಿದ್ದವು. ಇಡೀ ಊರು ತೋಪಿನಲ್ಲೇ ಹತ್ತಿ ತೋಪಿನಲ್ಲೇ ಇಳಿಯುತ್ತಿತ್ತು. ಟಿಕೆಟ್ ಕೊಡುವ ಕಿಟಕಿ ಇದ್ದದ್ದು ಸ್ಟೇಷನ್ನಿನಲ್ಲಿ. ಹಾಗಾಗಿ ಟಿಕೆಟ್ಟಿನ ಮಾತೇ ಬರುತ್ತಿರಲಿಲ್ಲ.

ನರಸಿಂಹಯ್ಯನಿಗೆ ಇದೆಲ್ಲ ಗೊತ್ತಿರಲಿಲ್ಲವೆ? ಚೆನ್ನಾಗಿಯೇ ಗೊತ್ತಿತ್ತು. ದಿನಾ ಬೆಳಿಗ್ಗೆ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಹಸಿರು ಬಾವುಟ ಹಿಡಿದು ಖಾಲಿ ಪ್ಲಾಟ್‌ಫಾರಂ ಮೇಲೆ ನಿಲ್ಲುತ್ತಿದ್ದರು. ರೈಲು ತುಂಬಿ ತುಳುಕುತ್ತ ಬರುತ್ತಿತ್ತು. ಊರಿನ ಜನ ಕಿಟಕಿಯಿಂದ ಅವರಿಗೇ ನಮಸ್ಕಾರ ಮಾಡಿಕೊಂಡು ಹೋಗುತ್ತಿದ್ದರು. ಸಂಜೆ ಅವರ ಮನೆಯ ಜಗುಲಿಯ ಮೇಲೆ ಒಂದು ಕಟ್ಟು ದಂಟಿನ ಸೊಪ್ಪು ಇರುತ್ತಿತ್ತು. ಇಟ್ಟವರು ಯಾರೆಂದು ಅವರು ಕೇಳುತ್ತಿರಲಿಲ್ಲ. ಹಿಡಿದುಕೊಡಬೇಕೆಂದಿದ್ದರೆ ಒಂದೇ ದಿನದಲ್ಲಿ ಹಿಡಿದುಕೊಡಬಹುದಿತ್ತು, ಆದರೆ ಅವರಿಗೆ ಅಂಥ ಬುದ್ಧಿ ಇರಲಿಲ್ಲ.

ಒಂದು ಸಂಜೆ ಮುನಿರತ್ನಮ್ಮ ಬಾವಿಯ ತೊಟ್ಟಿಯಲ್ಲಿ ಮೂಲಂಗಿ ತೊಳೆಯುತ್ತಿದ್ದಳು. ಆಗ ಹದಿನೆಂಟು ವರ್ಷ. ನರಸಿಂಹಯ್ಯ ಬದುವಿನ ಮೇಲೆ ನಡೆದುಕೊಂಡು ತಾವೇ ಬಂದರು.

“ನಾಳೆ ಬೆಳಿಗ್ಗೆ ದೊಡ್ಡ ಆಫೀಸರ್ ಬರ್ತಾರೆ ಕಣಮ್ಮ. ಈ ಸ್ಟೇಷನ್ನಿಂದ ಎಷ್ಟು ಜನ ರೈಲು ಹತ್ತುತಾರೆ ಅಂತ ನೋಡೋಕೆ. ಎಲ್ರಿಗೂ ಹೇಳ್ಬಿಡು.”

“ಹೇಳ್ತೀನಿ ಸ್ವಾಮಿ.”

“ಮರೀಬೇಡ. ಮುಖ್ಯವಾದ ವಿಷಯ.”

ಅವಳು ಮರೆಯಲಿಲ್ಲ. ಮರೆತಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಕತ್ತಲಾಗುವುದರೊಳಗೆ ಒಂದು ತೋಟ ಬಿಡದೆ ಓಡಿ, ಒಂದು ಮನೆ ಬಿಡದೆ ಹೇಳಿದಳು. ನಾಳೆ ಆಫೀಸರ್ ಬರ್ತಾನಂತೆ, ಎಷ್ಟು ಜನ ರೈಲು ಹತ್ತುತಾರೆ ನೋಡ್ತಾನಂತೆ. ನರಸಿಂಹಯ್ಯ ಹೇಳಿದ್ದರಲ್ಲಿ ಒಂದಕ್ಷರವನ್ನೂ ಅವಳು ತಿರುಚಲಿಲ್ಲ. ಎಲ್ಲರೂ ಬಂದು ಹತ್ತಿ ಎಂದು ಬಿಡಿಸಿ ಹೇಳುವ ಅಗತ್ಯ ಅವರಿಗೆ ಕಾಣಲಿಲ್ಲ, ಓದಿದವರು. ಆಫೀಸರ್ ಬರುತ್ತಾನೆಂದರೆ ಏನು ಮಾಡಬೇಕೆಂದು ನೆಲ್ಲಿಕೋಟೆಯವರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಧಾನ್ಯ ವಸೂಲಿಗೆ ಲೆವಿ ಆಫೀಸರ್ ಬಂದರೆ ರಾಗಿ ಮೂಟೆ ಹುಲ್ಲಿನ ಮೆದೆಯೊಳಗೆ ಹೋಗುತ್ತಿತ್ತು. ಸಿಡುಬಿನ ಚುಚ್ಚುಮದ್ದಿನವರು ಬಂದರೆ ಮಕ್ಕಳು ಕಬ್ಬಿನ ಗದ್ದೆಯೊಳಗೆ ಹೋಗುತ್ತಿದ್ದರು. ಟೋಪಿ ಹಾಕಿದವನು ಯಾರು ಏನು ಕೇಳಿದರೂ ‘ಯಾರೂ ಇಲ್ಲ, ಏನೂ ಇಲ್ಲ’ ಎನ್ನಬೇಕೆಂದು ಹಾಲು ಕುಡಿಯುವ ಕೂಸಿಗೂ ಕಲಿಸಿದ್ದರು.

ಮರುದಿನ ನೆಲ್ಲಿಕೋಟೆಯಲ್ಲಿ ಒಂದು ನೊಣವೂ ರೈಲು ಹತ್ತಲಿಲ್ಲ. ದಿನಾ ಕಾಸು ಕೊಟ್ಟು ಟಿಕೆಟ್ ತೆಗೆದುಕೊಳ್ಳುತ್ತಿದ್ದ ಒಬ್ಬರೇ ಒಬ್ಬ ಪೋಸ್ಟ್ ಮಾಸ್ಟರು ಕೂಡ, ಊರೇ ಅಡಗಿದೆ ಎಂದರೆ ಏನೋ ಇರಬೇಕೆಂದು ಹೊಟ್ಟೆನೋವೆಂದು ಮಲಗಿದರು. ವರದರಾಜ ತೋಪಿನ ಹತ್ತಿರ ನಿಧಾನ ಮಾಡಿ ಮೂರು ಸಲ ಇಂಜಿನ್ನಿನ ಸಿಳ್ಳೆ ಹಾಕಿದ. ತೋಪಿನಲ್ಲಿ ನಲವತ್ತು ಜನ ಉಸಿರು ಬಿಗಿಹಿಡಿದು ಕೂತಿದ್ದರು. ಮುನಿರತ್ನಮ್ಮ ಅವರೆ ಹೊಲದಲ್ಲಿ ಬೋರಲಾಗಿ ಮಲಗಿದ್ದಳು, ಪಕ್ಕದಲ್ಲಿ ಮಂಕರಿ. ಸ್ಟೇಷನ್ನಿನಲ್ಲಿ ಆಫೀಸರು ಕಂಡದ್ದು ಕೋಟು ಹಾಕಿದ ನರಸಿಂಹಯ್ಯ, ಒಂದು ನಾಯಿ, ಮತ್ತು ಟೋಪಿ ನೋಡುವ ಆಸೆಗೆ ಮನೆಯಿಂದ ತಪ್ಪಿಸಿಕೊಂಡು ಬಂದಿದ್ದ ಎಂಟು ವರ್ಷದ ಧರ್ಮರಾಜು.

ಸಂಜೆ ನರಸಿಂಹಯ್ಯ ಮತ್ತೆ ಬಾವಿಯ ಹತ್ತಿರ ಬಂದರು. ಬೆಳಗಿನ ಕೋಟನ್ನು ಇನ್ನೂ ಬಿಚ್ಚಿರಲಿಲ್ಲ.

“ಹೇಳ್ಲಿಲ್ವೇನಮ್ಮ?”

“ಅಯ್ಯೋ, ಎಲ್ರಿಗೂ ಹೇಳಿದೆ ಸ್ವಾಮಿ,” ಎಂದಳು ಮುನಿರತ್ನಮ್ಮ ಹೆಮ್ಮೆಯಿಂದ. “ಒಬ್ರಾದ್ರೂ ಸಿಕ್ಕಿಹಾಕ್ಕೊಂಡ್ರಾ ನೋಡಿ!”

ಅವರು ಅವಳ ಮುಖವನ್ನೇ ನೋಡಿದರು. ಆಮೇಲೆ ಬಾವಿಯ ಕಟ್ಟೆಯ ಮೇಲೆ ಕೂತು, ಕೋಟಿನ ಗುಂಡಿ ಒಂದೊಂದಾಗಿ ಬಿಚ್ಚಿ, “ಸರಿ ಬಿಡಮ್ಮ” ಎಂದು ಎದ್ದು ಹೋದರು. ಅವಳು ಒಳ್ಳೆಯ ಕೆಲಸ ಮಾಡಿದೆನೆಂದುಕೊಂಡೇ ಮಲಗಿದಳು. ಮೂರು ತಿಂಗಳ ಮೇಲೆ ಪ್ರಯಾಣಿಕರಿಲ್ಲವೆಂದು ಸ್ಟೇಷನ್ ಮುಚ್ಚುವ ನೋಟೀಸು ಗೋಡೆಗೆ ಅಂಟಿಕೊಂಡಾಗ ಅವಳಿಗೆ ಅರ್ಥವಾಯಿತು. ವರದರಾಜನಿಗೆ ಬೇರೆ ಲೈನಿಗೆ ವರ್ಗವಾಗಿ ಹೊಸ ಡ್ರೈವರ್ ಬಂದ, ರೈಲು ತೋಪಿನಲ್ಲೂ ನಿಲ್ಲದೆ ಹೋಗತೊಡಗಿತು. ನರಸಿಂಹಯ್ಯನನ್ನು ಎಲ್ಲೋ ಗುಂತಕಲ್ ಕಡೆಗೆ ಎತ್ತಿಹಾಕಿದರು. ಬೆಂಗಳೂರಿನ ಆಸೆಗೆ ದ್ರೋಹ ಮಾಡಿದವನಿಗೆ ಗುಂತಕಲ್ಲಿನ ಬಿಸಿಲು ಯಾಕೆ ಸಿಕ್ಕಿತೆಂದು ಊರಿನಲ್ಲಿ ಯಾರೂ ಕೇಳಲಿಲ್ಲ. ಅವರು ಮನೆ ಖಾಲಿ ಮಾಡಿಕೊಂಡು ಹೋಗುವಾಗ ಮಕ್ಕಳು ಗಾಡಿಯ ಹಿಂದೆ ಓಡಿ ಸಗಣಿ ಎಸೆದರು. ಗಾಡಿಯಲ್ಲಿ ಹನ್ನೆರಡು ವರ್ಷದ ಮಗಳು ಶಕುಂತಲಾ ಸ್ಟೌ ತಬ್ಬಿಕೊಂಡು ಕೂತಿದ್ದಳು. ಮುನಿರತ್ನಮ್ಮ ಹುಣಸೇ ಮರದ ಮರೆಯಲ್ಲಿ ನಿಂತು ನೋಡಿದಳೇ ಹೊರತು ಬಾಯಿ ತೆರೆಯಲಿಲ್ಲ. ತೆರೆದಿದ್ದರೆ ಊರು ತನ್ನನ್ನು ಸುಮ್ಮನೆ ಬಿಡುತ್ತಿರಲಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಆ ಶಕುಂತಲಾ ಈಗ ಶಂಕರಪುರಂನ ಶಕುಂತಲಮ್ಮ. ನಲವತ್ತು ವರ್ಷದಿಂದ ಗಾಂಧಿಬಜಾರಿನಲ್ಲಿ ಮುನಿರತ್ನಮ್ಮನ ಹತ್ತಿರವೇ ಸೊಪ್ಪು ಕೊಳ್ಳುವವಳು. ಮೊದಲ ದಿನವೇ ಒಬ್ಬರು ಇನ್ನೊಬ್ಬರ ಗುರುತು ಹಿಡಿದಿದ್ದರು. ‘ನೆಲ್ಲಿಕೋಟೆಯವಳಲ್ವಾ?’ ‘ಹೂನಮ್ಮ, ನೀವು ಸ್ಟೇಷನ್ ಮನೆ ಮಗು.’ ಅಷ್ಟೇ, ಆ ಮಾತು ಮತ್ತೆ ಬಂದಿರಲಿಲ್ಲ. ಶಕುಂತಲಮ್ಮನಂಥ ಚೌಕಾಸಿಯ ಹೆಂಗಸು ಇಡೀ ಬಸವನಗುಡಿಯಲ್ಲಿ ಇರಲಿಲ್ಲ. ಪಕ್ಕದ ಅಂಗಡಿಯಲ್ಲಿ ಹೂವನ್ನು ಹೇಳಿದ ಬೆಲೆಗೆ ತೆಗೆದುಕೊಳ್ಳುವವಳು ಮುನಿರತ್ನಮ್ಮನ ಮುಂದೆ ನಿಂತರೆ ಸಾಕು, ಒಂದು ಕಟ್ಟು ಕೊತ್ತಂಬರಿಗೆ ಕಾಲು ಗಂಟೆ ಜಗಳ. ಕೊನೆಗೆ ಕೊಸರು ಬೇರೆ. ಒಂದು ಹಿಡಿ ಕೊತ್ತಂಬರಿ, ನಾಲ್ಕು ಎಸಳು ಕರಿಬೇವು, ಎರಡು ಹಸಿಮೆಣಸಿನಕಾಯಿ ಬಿಟ್ಟಿಯಾಗಿ ಚೀಲಕ್ಕೆ ಬೀಳದಿದ್ದರೆ ಅಲ್ಲಿಂದ ಕದಲುತ್ತಿರಲಿಲ್ಲ. ಬೇರೆಯವರು ಕೊಸರು ಕೇಳಿದರೆ ತಲೆ ತಲೆ ಚಚ್ಚಿಕೊಳ್ಳುತ್ತಿದ್ದ ಮುನಿರತ್ನಮ್ಮ ಇವಳಿಗೆ ಕೇಳುವ ಮೊದಲೇ ಹಾಕುತ್ತಿದ್ದಳು. “ಅವರಿಗೇನಮ್ಮ ಸ್ಪೆಷಲ್ಲು?” ಎಂದು ಮಗ ರೇಗಿದರೆ, “ನಮ್ಮೂರೋರು ಕಣೋ” ಎನ್ನುತ್ತಿದ್ದಳು.

ಪುಸ್ತಕ ಬಿಡುಗಡೆಗೆ ಮೂರು ದಿನ ಇರುವಾಗ ಶಕುಂತಲಮ್ಮ ಮೆಂತ್ಯದ ಕಟ್ಟು ಹಿಡಿದು ಅದರ ಬೇರು ಪರೀಕ್ಷೆ ಮಾಡುತ್ತ, “ನಿಮ್ಮ ಸಂಘದಿಂದ ಕಾರ್ಡ್ ಬಂದಿದೆ” ಎಂದಳು.

ಮುನಿರತ್ನಮ್ಮ ಚಿಲ್ಲರೆ ಎಣಿಸುತ್ತಿದ್ದುದನ್ನು ಬಿಟ್ಟಳು. “ನಿಮಗಾ?”

“ನೆಲ್ಲಿಕೋಟೆಯಲ್ಲಿ ಒಂದು ದಿನ ಇದ್ದೋರಿಗೂ ಕಳ್ಸಿದಾರಂತೆ. ನಿನ್ನ ಮೊಮ್ಮಗಳು ವಾಟ್ಸಾಪಲ್ಲೂ ಹಾಕಿದಾಳೆ. ಪುಸ್ತಕದಲ್ಲಿ ಅಪ್ಪನ ಹೆಸರು ಇದ್ಯಂತಲ್ಲ?”

“ಇದೆ ಅನ್ಸುತ್ತೆ. ನನಗೆ ಓದೋಕೆ ಎಲ್ಲಿ ಬರುತ್ತಮ್ಮ.”

“ಬರ್ತೀನಿ. ಅಪ್ಪನ ಹೆಸರು ಪ್ರಿಂಟಲ್ಲಿ ಬಂದಿದ್ದು ಇಷ್ಟು ವರ್ಷದಲ್ಲಿ ಒಂದ್ಸಲಾನೂ ನೋಡಿಲ್ಲ,” ಎಂದು ಶಕುಂತಲಮ್ಮ ಮೆಂತ್ಯ ಚೀಲಕ್ಕಿಟ್ಟಳು. “ಕೊಸರು ಹಾಕು. ಏನು ಹಂಗೆ ನೋಡ್ತಿದೀಯ?”

ಆ ಮೂರು ದಿನ ಮುನಿರತ್ನಮ್ಮ ಸರಿಯಾಗಿ ಊಟ ಮಾಡಲಿಲ್ಲ. ತಮ್ಮನಿಗೆ ಎರಡು ಸಲ ಫೋನ್ ಮಾಡಿದಳು. ಪುಸ್ತಕ ಪ್ರಿಂಟಾಗಿ ಬಂದಿದೆ, ಇನ್ನು ಬ್ರಹ್ಮ ಬಂದರೂ ಬದಲಾಯಿಸಲಾಗದು ಎಂದ. ನಿಜ ಹೇಳಿದರೆ ಇಡೀ ಸಂಘದವರು ತನ್ನ ಮುಖಕ್ಕೆ ಉಗಿಯುತ್ತಾರೆ. ಅದನ್ನು ಹೇಗೋ ಒರೆಸಿಕೊಳ್ಳಬಹುದು. ಆದರೆ ಸಗಣಿ ಬಿದ್ದ ಗಾಡಿಯಲ್ಲಿ ಕೂತು ಹೋದ ಹುಡುಗಿ, ನಲವತ್ತು ವರ್ಷ ತನ್ನ ಕೈಯ ಸೊಪ್ಪು ತಿಂದವಳು, ಕಾರಣ ನೀನೇನಾ ಎಂದು ನೋಡಿದರೆ ಆ ಮುಖವನ್ನು ಎಲ್ಲಿ ಇಟ್ಟುಕೊಳ್ಳುವುದು? ಹೇಳದೆ ಬಿಟ್ಟರೆ ಅಪ್ಪನ ಹೆಸರನ್ನು ನೋಡಲು ಬಂದವಳು ಅದನ್ನು ದ್ರೋಹಿ ಎಂಬ ಮಾತಿನ ಕೆಳಗೆ ನೋಡುತ್ತಾಳೆ. ಮುನಿರತ್ನಮ್ಮನಿಗೆ ತನ್ನ ಮೇಲೆ, ತಮ್ಮನ ಮೇಲೆ, ರೈಲು ಕಂಡುಹಿಡಿದವನ ಮೇಲೂ ಸಿಟ್ಟು ಬಂತು.

ಭಾನುವಾರ ಬೆಳಿಗ್ಗೆ ಚಾಮರಾಜಪೇಟೆಯ ಒಂದು ಸಭಾಂಗಣ. ಉಪ್ಪಿಟ್ಟು, ಕೇಸರಿಬಾತ್. ಇನ್ನೂರು ಜನ ಸೇರಿದ್ದರು; ನೂರೈವತ್ತು ಮಂದಿ ಕೇಸರಿಬಾತಿಗೆ, ಉಳಿದವರು ಗ್ರೂಪ್ ಫೋಟೋಕ್ಕೆ. ಮೂರನೆಯ ಸಾಲಿನ ಕೊನೆಯ ಕುರ್ಚಿಯಲ್ಲಿ ಶಕುಂತಲಮ್ಮ ಮೈಸೂರು ಸಿಲ್ಕ್ ಸೀರೆ ಉಟ್ಟು ಕೂತಿದ್ದಳು. ಅವಳು ಆ ಸೀರೆ ಉಟ್ಟದ್ದನ್ನು ನೋಡಿ ಮುನಿರತ್ನಮ್ಮ ಮುಖ ಬೇರೆ ಕಡೆ ತಿರುಗಿಸಿಕೊಂಡಳು. ಮರಿಯಣ್ಣ ಅಧ್ಯಕ್ಷ ಭಾಷಣದಲ್ಲಿ ಎರಡು ಸಲ ನಿದ್ದೆ ಹೋಗಿ ಎದ್ದ. ಧರ್ಮರಾಜು ಪೆಪ್ಪರ್‌ಮೆಂಟಿನ ಕಥೆ ಹೇಳಿ, ಬಣ್ಣದ ಕಾಗದ ಬಿಚ್ಚಿ ಪುಸ್ತಕ ಎತ್ತಿ ಹಿಡಿದು, “ಈಗ ನಾಲ್ಕನೇ ಅಧ್ಯಾಯದ ಕೆಲವು ಸಾಲು ಓದ್ತೀನಿ” ಎಂದ.

“ಮೊದಲು ನನ್ನ ಸನ್ಮಾನ ಮಾಡೋ,” ಎಂದಳು ಮುನಿರತ್ನಮ್ಮ ವೇದಿಕೆಯ ಮೇಲಿಂದಲೇ.

ಸಭೆ ನಕ್ಕಿತು. ಧರ್ಮರಾಜು ಪೆಚ್ಚಾಗಿ ಪುಸ್ತಕ ಮುಚ್ಚಿದ. ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೈಗಿತ್ತರು. ಅವಳು ಬುಟ್ಟಿ ಕೆಳಗಿಟ್ಟು ಮೈಕು ಹಿಡಿದಳು.

“ಸ್ಟೇಷನ್ ಮುಚ್ಚಿಸಿದ್ದು ನರಸಿಂಹಯ್ಯನೋರಲ್ಲ. ನಾನು.”

ಅವಳು ಬಾವಿಯ ಹತ್ತಿರ ಅವರು ಬಂದದ್ದು, ಹೇಳಿದ್ದು, ತಾನು ಮನೆ ಮನೆಗೆ ಓಡಿದ್ದು, ಅವರೆ ಹೊಲ, ಸಂಜೆ ಅವರು ಮತ್ತೆ ಬಂದದ್ದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. “ಜನ ಬಂದು ಹತ್ಲಿ ಅಂತ ಆ ಪುಣ್ಯಾತ್ಮ ಹೇಳಿ ಕಳ್ಸಿದ್ರು. ನಾನು ಜನಾನೆಲ್ಲ ಓಡಿಸ್ಬಿಟ್ಟೆ. ಇಷ್ಟು ವರ್ಷ ನೀವು ಅವರನ್ನ ಬೈತಿದ್ರಿ, ನಾನು ಬೋಂಡಾ ತಿಂತಾ ಕೂತಿದ್ದೆ. ನನಗೆ ನಾಚಿಕೆ ಆಗ್ಬೇಕು.”

“ಅಕ್ಕ, ಸುಮ್ನಿರು,” ಎಂದು ಧರ್ಮರಾಜು ಇನ್ನೊಂದು ಮೈಕಿನಲ್ಲಿ ಪಿಸುಗುಟ್ಟಿದ. ಅದು ಸಭಾಂಗಣದ ಕೊನೆಯವರೆಗೂ ಕೇಳಿಸಿತು. “ಸುಳ್ಳು ವರದಿ ಹೋಗಿದ್ದು ಇತಿಹಾಸ. ಊರಲ್ಲಿ ಪ್ರಯಾಣಿಕರಿಲ್ಲ ಅಂತ ಯಾರೋ ಹೇಳಿರ್ಲೇಬೇಕಲ್ಲ.”

“ಅವತ್ತು ಆಫೀಸರು ನಿನ್ನ ಏನು ಕೇಳ್ದ ಧರ್ಮ? ಅದನ್ನ ನೀನು ಒಂದ್ಸಲಾನೂ ಹೇಳಿಲ್ಲ.”

ತನ್ನ ಪ್ರೀತಿಯ ಕಥೆ ಬಂದದ್ದೇ ಧರ್ಮರಾಜು ಎದೆ ಸೆಟೆಸಿದ. “‘ಮರಿ, ನಿಮ್ಮೂರಲ್ಲಿ ಯಾರೂ ರೈಲು ಹತ್ತಲ್ವಾ’ ಅಂದ್ರು.”

“ನೀನೇನಂದೆ?”

“ಇಲ್ಲ ಸಾ, ನಮ್ಮೂರೋರು ಯಾರೂ ಎಲ್ಲೂ ಹೋಗೋದೇ ಇಲ್ಲ, ರೈಲು ಅಂದ್ರೆ ಭಯ, ಅಂದೆ. ಮನೇಲಿ ಹೇಳ್ಕೊಟ್ಟಿದ್ರಲ್ಲ, ಟೋಪಿ ಹಾಕಿದೋರು ಕೇಳಿದ್ರೆ...”

ಮೈಕು ಅವನ ಕೈಯಲ್ಲೇ ಇತ್ತು. ಮಾತು ಮಾತ್ರ ಅಲ್ಲಿಗೇ ನಿಂತುಹೋಯಿತು. ಅವನ ಮುಖ ನೋಡಿ ಮುನಿರತ್ನಮ್ಮನಿಗೆ ಅಯ್ಯೋ ಎನ್ನಿಸಿತು. ಐವತ್ತನಾಲ್ಕು ವರ್ಷ ಚಪ್ಪರಿಸಿದ ಪೆಪ್ಪರ್‌ಮೆಂಟು ಪಾಪ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

ಮೊದಲು ಎದ್ದವನು ಮರಿಯಣ್ಣ. ಈಗ ನಿದ್ದೆ ಪೂರ್ತಿ ಬಿಟ್ಟಿತ್ತು. “ರತ್ನಮ್ಮ ಹೇಳಿದ್ದು ನಿಜ. ನಾನು ಹುಣಸೇ ಮರದ ಮೇಲಿದ್ದೆ. ಕಟ್ಟಿರುವೆ ಕಚ್ಚಿದ್ರೂ ಕಮಕ್ ಕಿಮಕ್ ಅನ್ಲಿಲ್ಲ.”

“ಮರದ ಮೇಲೆ ನೀನೆಲ್ಲಿದ್ದೆ ಮಾವ? ಮೇಲಿದ್ದಿದ್ದು ನಾನು, ನೀನು ಬುಡದಲ್ಲಿದ್ದೆ,” ಎಂದು ಹಿಂದಿನಿಂದ ಒಬ್ಬ ಮುದುಕ ಕೂಗಿದ. ಇನ್ನೊಬ್ಬಳು ತಾನು ಹುಲ್ಲಿನ ಮೆದೆಯಲ್ಲಿದ್ದೆ ಎಂದಳು. ಯಾವ ಮೆದೆ, ಯಾರ ಮೆದೆ ಎಂದು ಅಲ್ಲಿಯೂ ಜಗಳ ಹತ್ತಿತು. ಎಪ್ಪತ್ತು ದಾಟಿದವರೆಲ್ಲ ತಾವು ಅಡಗಿದ ಜಾಗಕ್ಕೆ ಹಕ್ಕುಪತ್ರ ಕೇಳುವವರ ಹಾಗೆ ಎದ್ದು ನಿಂತರು. ಎಲ್ಲರಿಗೂ ಎಲ್ಲ ನೆನಪಿತ್ತು. ಒಬ್ಬ ಸ್ಟೇಷನ್ ಮಾಸ್ಟರನ್ನು ಬೈಯುವುದು ಸುಲಭವಾಗಿದ್ದರಿಂದ ಆ ನೆನಪನ್ನು ಬದಿಗಿಟ್ಟಿದ್ದರು, ಅಷ್ಟೇ. ಕೊನೆಗೆ ಮರಿಯಣ್ಣ ಮೇಜು ಗುದ್ದಿ, ನಾಲ್ಕನೆಯ ಅಧ್ಯಾಯವನ್ನು ಎಲ್ಲ ಪುಸ್ತಕದಿಂದಲೂ ಹರಿದುಹಾಕಿ ಎಂದು ಅಪ್ಪಣೆ ಮಾಡಿದ. ಮುದುಕ ಮುದುಕಿಯರು ಜಮಖಾನದ ಮೇಲೆ ಸುತ್ತ ಕೂತು, ಅವರೆಕಾಯಿ ಬಿಡಿಸುವ ಹಾಗೆ ಹರಟೆ ಹೊಡೆಯುತ್ತ ಪುಟ ಹರಿದರು. ಧರ್ಮರಾಜು ಕೂಡ ಮೂಲೆಯಲ್ಲಿ ಕೂತು ಹರಿಯುತ್ತಿದ್ದ.

ಮುನಿರತ್ನಮ್ಮ ಮೂರನೆಯ ಸಾಲಿನ ಕಡೆ ನೋಡಿದಳು. ಕುರ್ಚಿ ಖಾಲಿ. ಕೇಸರಿಬಾತ್ ಅರ್ಧ ತಿಂದ ತಟ್ಟೆ ಮಾತ್ರ ಅಲ್ಲಿತ್ತು.

ಮರುದಿನ ಗಾಂಧಿಬಜಾರಿನಲ್ಲಿ ಶಕುಂತಲಮ್ಮ ದಿನದ ಹೊತ್ತಿಗೇ ಬಂದಳು. ಬರುವುದಿಲ್ಲ ಎಂದುಕೊಂಡಿದ್ದ ಮುನಿರತ್ನಮ್ಮ ಅವಸರದಿಂದ ಸೊಪ್ಪಿಗೆ ನೀರು ಚಿಮುಕಿಸಿದಳು. ಶಕುಂತಲಮ್ಮ ದಂಟು ಆರಿಸಿದಳು, ಸಬ್ಬಸಿಗೆ ಆರಿಸಿದಳು. ಎಷ್ಟು ಎಂದಳು. ಮುನಿರತ್ನಮ್ಮ ಹೇಳಿದಳು. ಅಷ್ಟನ್ನೇ ಕೊಟ್ಟಳು. ಚೌಕಾಸಿ ಇಲ್ಲ, ಬಾಡಿದೆ ಎನ್ನುವ ದೂರಿಲ್ಲ. ಮುನಿರತ್ನಮ್ಮ ಕೊತ್ತಂಬರಿ ಒಂದು ಹಿಡಿ ತೆಗೆದು ಚೀಲಕ್ಕೆ ಹಾಕಿದಳು. ಶಕುಂತಲಮ್ಮ ಅದನ್ನು ತೆಗೆದು ಗುಡ್ಡೆಯ ಮೇಲೆ ವಾಪಸಿಟ್ಟಳು.

“ಬೇಡ.”

ಉಗಿದಿದ್ದರೂ ಅಷ್ಟು ನೋಯುತ್ತಿರಲಿಲ್ಲ. “ಕೋಪ ಇದ್ರೆ ಬೈದ್ಬಿಡಿ ಅಮ್ಮ. ಹಿಂಗೆ ಮಾಡ್ಬೇಡಿ.”

“ಕೋಪ ಯಾತಕ್ಕೆ? ನೀನೇ ಅಂತ ನನಗೆ ಗೊತ್ತಿರ್ಲಿಲ್ವಾ?”

“ಗೊತ್ತಿತ್ತಾ?” ಎಂದಳು ಮುನಿರತ್ನಮ್ಮ.

“ಮೂಲಂಗಿ ತೊಳೀತಿದ್ದ ಹುಡುಗಿ ಕೈಯಲ್ಲಿ ಹೇಳಿ ಕಳ್ಸಿದ್ದೆ ಅಂತ ಅಪ್ಪ ಮನೇಲಿ ಹೇಳಿದ್ರು. ಆಮೇಲೆ ಮೇಲಿನವರಿಂದ ಮೆಮೋ ಬಂತು. ಊರಿನೋರಿಗೆ ಮುಂಚೆ ತಿಳಿಸಿದ್ರಾ ಅಂತ. ತಿಳಿಸಿದ್ದೆ ಅಂತ ಬರೆದ್ರೆ, ಮತ್ಯಾಕೆ ಬರ್ಲಿಲ್ಲ ಅಂತ ವಿಚಾರಣೆಗೆ ಬರ್ತಾರೆ. ಬಂದ್ರೆ ತೋಪಿನ ಕಥೆ ಹೊರಗೆ ಬೀಳುತ್ತೆ, ವರದರಾಜನ ಕೆಲಸ ಹೋಗುತ್ತೆ, ನಿಮ್ಮೋರೆಲ್ಲ ಕೋರ್ಟಿಗೆ ಅಲೀಬೇಕು. ಅದಕ್ಕೆ ‘ತಿಳಿಸಲು ಮರೆತೆ’ ಅಂತ ಬರೆದುಕೊಟ್ರು. ಗುಂತಕಲ್‌ಗೆ ಹೋದ್ವಿ.”

“ನಲವತ್ತು ವರ್ಷ ನನ್ನ ಹತ್ರ ಸೊಪ್ಪು ತಗೊಂಡ್ರಲ್ಲಮ್ಮ. ಒಂದ್ಸಲಾನಾದ್ರೂ ಕೇಳ್ಬಾರ್ದಿತ್ತಾ?”

“ನೀನೇ ಹೇಳ್ಲಿ ಅಂತಿದ್ದೆ. ಇವತ್ತು ಹೇಳ್ತಾಳೆ, ನಾಳೆ ಹೇಳ್ತಾಳೆ ಅಂತ ದಿನಾ ಬಂದೆ. ಕಾಲು ಗಂಟೆ ಜಗಳ ಆಡ್ಕೊಂಡು ನಿಂತಿರ್ತಿದ್ದೆ. ನೀನು ಹೇಳ್ಲಿಲ್ಲ. ಕೊಸರು ಹಾಕ್ತಿದ್ದೆ. ಸರಿ, ಅದೇ ಆಗ್ಲಿ ಅಂತ ತಗೊಂಡೆ.” ಶಕುಂತಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. “ನಿನ್ನೆ ನೀನು ಹೇಳ್ಬಿಟ್ಟೆ. ನನಗೆ ಅಷ್ಟು ಜನರ ಮುಂದೆ ಅಳು ಬಂತು, ಎದ್ದು ಬಂದೆ. ಹೇಳಿ ಆಯ್ತಲ್ಲ, ಇನ್ಯಾಕೆ ಕೊಸರು?”

ಮುನಿರತ್ನಮ್ಮ ಸೆರಗು ಬಾಯಿಗೆ ಒತ್ತಿ ಹಿಡಿದು ಅತ್ತಳು. ಸೊಪ್ಪು ಕೊಳ್ಳಲು ಬಂದ ಒಬ್ಬ ಹುಡುಗ ಫೋನು ಸ್ಕ್ಯಾನರಿಗೆ ಹಿಡಿದವನು ಹಾಗೇ ಹಿಂದೆ ಸರಿದ. ಅತ್ತು ಮುಗಿಸಿ ಮೂಗು ಒರೆಸಿಕೊಂಡು, ಅವಳು ಶಕುಂತಲಮ್ಮನ ಚೀಲ ಜಗ್ಗಿ ಹತ್ತಿರ ಎಳೆದುಕೊಂಡಳು. ಗುಡ್ಡೆಯಿಂದ ಅದೇ ಕೊತ್ತಂಬರಿ ಎತ್ತಿ, ಮತ್ತೊಂದು ಹಿಡಿ ಸೇರಿಸಿ, ಒಳಕ್ಕೆ ತುರುಕಿದಳು.

“ಇಷ್ಟು ವರ್ಷ ಕೊಟ್ಟಿದ್ದು ಹೆದರ್ಕೊಂಡು ಕೊಟ್ಟಿದ್ದು. ಇದು ನಮ್ಮೂರೋರು ಅಂತ ಕೊಡ್ತಿದೀನಿ. ಮುಚ್ಕೊಂಡು ತಗೊಳ್ಳಿ.”

ಶಕುಂತಲಮ್ಮ ಚೀಲದೊಳಗೆ ಇಣುಕಿ ನೋಡಿದಳು.

“ಹಂಗಾದ್ರೆ ಕರಿಬೇವೂ ಹಾಕು,” ಎಂದಳು. “ಮತ್ತೆ ಈ ದಂಟಿಗೆ ಯಾರಾದ್ರೂ ಇಷ್ಟು ರೇಟ್ ಹೇಳ್ತಾರಾ? ಬಾಡಿದೆ ನೋಡು.”